ಕಾಣದ ಸೂರು, ಕಾಣದ ಫೂಟಿಂಗ್: ಡ್ರಾಯಿಂಗಿನ ಹಿಡನ್ ಲೈನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಾನು ವಿರಾಜಪೇಟೆಯ ಒಂದು ಸಣ್ಣ ಆಫೀಸಿನಲ್ಲಿ ಡ್ರಾಯಿಂಗ್ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿರುವುದು ಕಾಫಿ ತೋಟದ ಇಳಿಜಾರಿನಲ್ಲಿ ಕಟ್ಟುವ ಒಂದು ಮನೆ. ಎರಡು ಮಟ್ಟದಲ್ಲಿದೆ, ಕೆಳಗಡೆ ತಡೆಗೋಡೆ ಬರುತ್ತದೆ. ಹೆಂಚಿನ ಮಾಡು, ಸೂರು ಗೋಡೆಯಿಂದ 4 ಅಡಿ ಹೊರಗೆ ಚಾಚಿದೆ. ಮನೆಯ ಮೂರು ಆಯಾಮದ ಮಾಡೆಲ್ ಅನ್ನು ರೆವಿಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ. ಆಮೇಲೆ ಡಿಡಬ್ಲ್ಯೂಜಿಗೆ (ಆಟೋಕ್ಯಾಡ್‌ನ ಫೈಲ್ ರೂಪಕ್ಕೆ) ಎಕ್ಸ್‌ಪೋರ್ಟ್ ಮಾಡಿ, ಆಫೀಸಿನ ಆಟೋಕ್ಯಾಡ್ ಶೀಟಿನಲ್ಲಿ ಕೂರಿಸಿ ಪ್ರಿಂಟ್ ತೆಗೆಯುತ್ತೇವೆ. ನನಗೆ ಮೂರು ಕಡೆ ತೊಂದರೆ ಆಗಿದೆ. ಪ್ಲಾನ್‌ನಲ್ಲಿ ಸೂರಿನ ಗೆರೆ ಬರುವುದೇ ಇಲ್ಲ. ಹಿಡನ್ ಲೈನ್, ಅಂದರೆ ಮರೆಯಾದ ಅಂಚಿನ ತುಂಡು ಗೆರೆ, ತೋರಿಸುವ ಆಯ್ಕೆಯನ್ನು 'ಆಲ್' ಅಂತ ಮಾಡಿದರೆ ಎಲಿವೇಶನ್ (ಎದುರು ನೋಟ) ಪೂರ್ತಿ ಬಲೆ ಹಾಕಿದ ಹಾಗೆ ಆಗುತ್ತದೆ. ಫೂಟಿಂಗ್‌ನ (ಮಣ್ಣಿನ ಕೆಳಗಿನ ಅಡಿಪಾಯದ) ತುಂಡು ಗೆರೆ ಸ್ಕ್ರೀನ್‌ನಲ್ಲಿ ಸರಿಯಾಗಿಯೇ ಇದೆ, ಪ್ರಿಂಟ್‌ನಲ್ಲಿ ಮಾತ್ರ ಗಟ್ಟಿ ಗೆರೆ ಆಗಿ ಬರುತ್ತದೆ. ನಮ್ಮ ಸೀನಿಯರ್ 'ಎಲ್ಲ ಎಕ್ಸ್‌ಪ್ಲೋಡ್ ಮಾಡಿ ಕೈಯಲ್ಲೇ ಎಳಿ' ಅನ್ನುತ್ತಾರೆ, ಅಂದರೆ ಚಿತ್ರವನ್ನು ಬಿಡಿ ಗೆರೆಗಳಾಗಿ ಒಡೆದು. ಗೆಳೆಯನೊಬ್ಬ 'ಮಂಜೂರಾತಿಗೆ ಕೊಡುವ ಸ್ಯಾಂಕ್ಷನ್ ಶೀಟಿಗೆ ಹಿಡನ್ ಲೈನ್ ಯಾಕೆ, ಸುಮ್ನೆ ಆಫ್ ಮಾಡು' ಅನ್ನುತ್ತಾನೆ. ಇದೇ ಶೀಟಿನ ಮೂರು ಪ್ರತಿ ಆಗಲೇ ಸೈಟಿಗೆ ಹೋಗಿವೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಮಾತು. ನೀವು ಬರೆದಿರುವುದು ಒಂದೇ ತೊಂದರೆಯಂತೆ ಕಾಣುತ್ತದೆ, ಆದರೆ ಅಲ್ಲಿ ಮೂರು ಬೇರೆ ಬೇರೆ ಕಾರಣಗಳಿವೆ. ಸೂರಿನ ಗೆರೆ ಬಾರದಿರುವುದಕ್ಕೂ ಪ್ರಿಂಟ್‌ನಲ್ಲಿ ಗೆರೆ ಗಟ್ಟಿಯಾಗುವುದಕ್ಕೂ ಯಾವ ಸಂಬಂಧವೂ ಇಲ್ಲ. ಎಲ್ಲಕ್ಕೂ 'ಹಿಡನ್ ಲೈನ್' ಅನ್ನುವ ಒಂದೇ ಹೆಸರು ಇರುವುದರಿಂದ ಒಂದೇ ಸ್ವಿಚ್ ಹುಡುಕುತ್ತಾ ಕೂತಿದ್ದೀರಿ. ಅಂಥ ಸ್ವಿಚ್ ಇಲ್ಲ. ನಾನೂ ಮೊದಲ ವರ್ಷಗಳಲ್ಲಿ ಅದನ್ನೇ ಹುಡುಕಿದ್ದೆ.

ಹೆಸರಿನ ಗೊಂದಲವನ್ನು ಮೊದಲು ಬಿಡಿಸೋಣ. ರೆವಿಟ್‌ನಲ್ಲಿ ವಿಶುವಲ್ ಸ್ಟೈಲ್ ಪಟ್ಟಿಯಲ್ಲಿ 'ಹಿಡನ್ ಲೈನ್' ಅಂತ ಒಂದಿದೆ. ಅದನ್ನು ಆರಿಸಿದರೆ ಮರೆಯಾದ ಗೆರೆಗಳು ಕಾಣುತ್ತವೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಮರೆಯಾದ ಗೆರೆಗಳನ್ನು ತೆಗೆದುಹಾಕಿ ತೋರಿಸುವುದೇ ಆ ಸ್ಟೈಲ್‌ನ ಕೆಲಸ. ಆಟೋಕ್ಯಾಡ್‌ನ 'ಹೈಡ್' ಕಮಾಂಡ್ ಮಾಡುವುದೂ ಅದನ್ನೇ. 'ಶೋ ಹಿಡನ್ ಲೈನ್ಸ್' ಅನ್ನುವುದು ಬೇರೆ ಸಂಗತಿ. ಇನ್ನು 'ಹೈಡ್ ಇನ್ ವ್ಯೂ' ಅಂದರೆ ಆ ವಸ್ತುವನ್ನೇ ಆ ನೋಟದಿಂದ ಮುಚ್ಚಿಬಿಡುವುದು. ಮೂರೂ ಒಂದೇ ಪದದ ಮಕ್ಕಳು, ಕೆಲಸ ಮಾತ್ರ ಬೇರೆ ಬೇರೆ.

ಯಾವ ಗೆರೆ ಯಾವುದರ ಹಿಂದಿದೆ ಅಂತ ಕಂಪ್ಯೂಟರಿಗೆ ಲೆಕ್ಕ ಹಾಕಿಸುವುದೇ ಒಂದು ಕಾಲದಲ್ಲಿ ದೊಡ್ಡ ಸಮಸ್ಯೆಯಾಗಿತ್ತು. 1963ರಲ್ಲಿ ಎಂಐಟಿಯಲ್ಲಿ ಲಾರೆನ್ಸ್ ರಾಬರ್ಟ್ಸ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಅದಕ್ಕೆ ಒಂದು ದಾರಿ ತೋರಿಸಿದರು. ಮುಂದೆ ಇಂಟರ್‌ನೆಟ್‌ನ ಮೂಲವಾದ ಅರ್ಪಾನೆಟ್ ಕಟ್ಟಿದವರಲ್ಲಿ ಪ್ರಮುಖರು ಇವರೇ. ಈಗ ಆ ಲೆಕ್ಕವನ್ನು ನಿಮ್ಮ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಯಾವುದು ಮರೆಯಾಗಿದೆ ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು. ಮರೆಯಾದದ್ದರಲ್ಲಿ ಯಾವುದು ಮೇಸ್ತ್ರಿಗೆ ಬೇಕು ಅನ್ನುವುದು ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು, ಒಂದೊಂದು ನೋಟಕ್ಕೂ ಬೇರೆ ಬೇರೆಯಾಗಿ.

ಈಗ ಸೂರಿನ ವಿಷಯ. ನಮ್ಮ ಕಡೆಯ ಮನೆಗಳಿಗೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಫ್ಲೋರ್ ಪ್ಲಾನ್ ಅಂದರೆ ಮನೆಯನ್ನು ಸುಮಾರು 4 ಅಡಿ ಎತ್ತರದಲ್ಲಿ ಅಡ್ಡ ಕೊಯ್ದು, ಮೇಲಿನ ಭಾಗ ಎತ್ತಿಟ್ಟು, ಕೆಳಗೆ ನೋಡಿದ ಚಿತ್ರ. ರೆವಿಟ್‌ನಲ್ಲಿ ಈ ಕಟ್ ಪ್ಲೇನ್ ಮೆಟ್ರಿಕ್ ಟೆಂಪ್ಲೇಟಿನಲ್ಲಿ 1200 ಮಿಲಿಮೀಟರ್‌ಗೆ ಇರುತ್ತದೆ. ಸೂರು ಅದಕ್ಕಿಂತ ಮೇಲಿದೆ. ಅಂದರೆ ಅದು ಯಾವುದರ ಹಿಂದೆಯೂ ಅಡಗಿಲ್ಲ. ನೀವು ಎತ್ತಿಟ್ಟ ಭಾಗದ ಜೊತೆಗೆ ಅದೂ ಹೋಗಿದೆ. ಹಾಗಾಗಿ ಹಿಡನ್ ಲೈನ್ ಆಯ್ಕೆಯನ್ನು ಎಷ್ಟು ಸಲ ಆನ್ ಮಾಡಿದರೂ ಸೂರು ಬರುವುದಿಲ್ಲ. ಸಾಫ್ಟ್‌ವೇರ್ ತಪ್ಪು ಮಾಡುತ್ತಿಲ್ಲ. ನಾವು ಕಾಗದದ ಮೇಲೆ ಎರಡು ಬೇರೆ ಸಂಗತಿಗಳಿಗೆ ಒಂದೇ ತುಂಡು ಗೆರೆ ಬಳಸುತ್ತಾ ಬಂದಿದ್ದೇವೆ. ನೆಲದ ಕೆಳಗೆ ಅಡಗಿದ ಫೂಟಿಂಗ್‌ಗೂ ಅದೇ, ತಲೆಯ ಮೇಲಿರುವ ಸೂರಿಗೂ ಅದೇ. ಸೈಟಿನಲ್ಲಂತೂ ಎರಡಕ್ಕೂ 'ಡಾಟೆಡ್ ಲೈನ್' ಅನ್ನುವ ಒಂದೇ ಹೆಸರು.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಹಳೆಯ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಪ್ಲಾನ್ ಒಂದನ್ನು ನೆನಪಿಸಿಕೊಳ್ಳಿ. ನಡುವೆ ಅಂಗಳ, ಸುತ್ತಲೂ ಕಂಬ, ನಾಲ್ಕು ಕಡೆಯಿಂದಲೂ ಹೆಂಚಿನ ಮಾಡು ಒಳಕ್ಕೆ ಇಳಿದಿರುತ್ತದೆ. ಪ್ಲಾನ್‌ನಲ್ಲಿ ಗಟ್ಟಿ ಗೆರೆ ತೋರಿಸುವುದು ಅಂಗಳದ ನೆಲದ ಅಳತೆ. ಆಕಾಶ ಕಾಣುವ ಜಾಗ ಅದಕ್ಕಿಂತ ಚಿಕ್ಕದು, ಯಾಕೆಂದರೆ ನಾಲ್ಕೂ ಸೂರುಗಳು ಒಳಕ್ಕೆ ಚಾಚಿವೆ. ಒಳಗೊಂದು ತುಂಡು ಗೆರೆಯ ಚೌಕ ಹಾಕದಿದ್ದರೆ ಆ ಡ್ರಾಯಿಂಗ್ ನೋಡಿದವರಿಗೆ ಮಳೆ ಎಲ್ಲಿ ಬೀಳುತ್ತದೆ, ಬೆಳಕು ಎಷ್ಟು ಬರುತ್ತದೆ ಅನ್ನುವುದು ತಿಳಿಯುವುದೇ ಇಲ್ಲ. ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ ಬನ್ನಿ. ಕಂಬಗಳ ನಡುವೆ ಐಮರ (ಕೂರುವ ಮರದ ಹಲಗೆ) ಇದೆ. ಅದು ಕೂರುವ ಎತ್ತರದಲ್ಲಿದೆ, ಕಟ್ ಪ್ಲೇನ್‌ಗಿಂತ ಕೆಳಗೆ, ಆದ್ದರಿಂದ ಗಟ್ಟಿ ಗೆರೆ. ಅದೇ ಕಂಬಗಳ ತಲೆಯ ಮೇಲೆ ತೊಲೆ ಹೋಗುತ್ತದೆ, ಅದಕ್ಕೆ ತುಂಡು ಗೆರೆ. ಎರಡರ ಅಂಚೂ ಪ್ಲಾನ್‌ನಲ್ಲಿ ಒಂದರ ಮೇಲೊಂದು ಬಂದುಬಿಟ್ಟರೆ? ಅಲ್ಲಿ ಗಟ್ಟಿ ಗೆರೆಗೇ ಮೊದಲ ಜಾಗ. ತುಂಡು ಗೆರೆಯನ್ನು ಅದರ ಮೇಲೆ ಎಳೆಯಬಾರದು. 'ಮೇಲೆ ತೊಲೆ' ಅಂತ ಪಕ್ಕದಲ್ಲಿ ಬರೆದುಬಿಡಿ, ಅಷ್ಟೇ.

ನಿಮ್ಮ ಮನೆಯಲ್ಲಿ ಸೂರು 4 ಅಡಿ ಹೊರಗೆ ಬಂದಿದೆ ಅಂದಿರಿ. ಜೂನ್‌ನಿಂದ ಸುರಿಯುವ ಮಳೆಯ ನೀರು ಮಾಡಿನಿಂದ ಇಳಿದು ಬೀಳುವುದು ಆ ಗೆರೆಯ ಕೆಳಗೇ. ಚರಂಡಿ ಅಲ್ಲೇ ಬರಬೇಕು. ಇಳಿಜಾರಿನ ಕಡೆ ತಡೆಗೋಡೆಯ ತಲೆ ಎಲ್ಲಿದೆ, ಸೂರಿನ ನೀರು ಅದರ ಹಿಂದಿನ ಮಣ್ಣಿಗೆ ಬೀಳುತ್ತದೋ ಮುಂದಕ್ಕೆ ಬೀಳುತ್ತದೋ, ಇದನ್ನು ಹೇಳುವುದು ಪ್ಲಾನ್‌ನ ಅದೊಂದೇ ತುಂಡು ಗೆರೆ. ಬರೆ ಕುಸಿಯುವ ಊರಿನಲ್ಲಿ ಕಟ್ಟುತ್ತಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಗೆಳೆಯ 'ಆಫ್ ಮಾಡು' ಅಂದದ್ದನ್ನು ನಾನು ಒಪ್ಪದಿರುವುದು ಇದಕ್ಕೇ. ಸ್ಯಾಂಕ್ಷನ್ ಶೀಟಿನಲ್ಲೂ ಸೂರು ಗಡಿಯ ಕಡೆಗೆ ಎಷ್ಟು ಚಾಚಿದೆ, ಸೆಪ್ಟಿಕ್ ಟ್ಯಾಂಕ್ ಎಲ್ಲಿ ಹೂತಿದೆ ಅನ್ನುವುದು ತುಂಡು ಗೆರೆಯಿಂದಲೇ ಗೊತ್ತಾಗಬೇಕು ಅಲ್ವಾ?

ರೆವಿಟ್‌ನಲ್ಲಿ ಸೂರು ತರುವ ದಾರಿ ಹೀಗಿದೆ. ಪ್ಲಾನ್‌ನ ಪ್ರಾಪರ್ಟೀಸ್‌ನಲ್ಲಿ ಅಂಡರ್‌ಲೇ ಅನ್ನುವ ಜಾಗದಲ್ಲಿ ಮಾಡಿನ ಲೆವೆಲ್ ಆರಿಸಿ. ಮಾಡು ಮಸುಕಾಗಿ ಕಾಣುತ್ತದೆ. ಈಗ ಲೈನ್‌ವರ್ಕ್ ಟೂಲ್ ತೆಗೆದುಕೊಳ್ಳಿ, ಕೀಬೋರ್ಡಿನಲ್ಲಿ ಎಲ್, ಡಬ್ಲ್ಯೂ. ಲೈನ್ ಸ್ಟೈಲ್ ಪಟ್ಟಿಯಲ್ಲಿ 'ಓವರ್‌ಹೆಡ್' ಆರಿಸಿ, ಸೂರಿನ ಅಂಚುಗಳನ್ನು ಒಂದೊಂದಾಗಿ ಮುಟ್ಟಿ. ಆಮೇಲೆ ಅಂಡರ್‌ಲೇಯನ್ನು 'ನನ್' ಮಾಡಿ. ಮಸುಕು ಚಿತ್ರ ಹೋಗುತ್ತದೆ, ನೀವು ಮುಟ್ಟಿದ ಗೆರೆಗಳು ಉಳಿಯುತ್ತವೆ. ಸುಮ್ನೆ ಡೀಟೇಲ್ ಲೈನ್ ಎಳೆಯುವುದಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ಆ ಗೆರೆ ಮಾಡಿನ ಅಂಚಿಗೆ ಅಂಟಿಕೊಂಡಿರುತ್ತದೆ. ಮಾಲೀಕರು ಬಂದು ಸೂರನ್ನು ಅರ್ಧ ಅಡಿ ಹೆಚ್ಚಿಸಿ ಅಂದರೆ ಗೆರೆಯೂ ಜೊತೆಗೇ ಸರಿಯುತ್ತದೆ. ಒಂದು ಅಪಾಯ ಇದೆ. ಮಾಡಿನ ಸ್ಕೆಚ್‌ನಲ್ಲಿ ಆ ಅಂಚನ್ನು ಅಳಿಸಿ ಹೊಸದಾಗಿ ಎಳೆದರೆ ಅಂಟು ಬಿಟ್ಟುಹೋಗುತ್ತದೆ, ಗೆರೆ ಸದ್ದಿಲ್ಲದೆ ಮಾಯವಾಗುತ್ತದೆ. ಮಾಡು ಬದಲಾಯಿಸಿದ ದಿನ ಪ್ಲಾನ್ ತೆರೆದು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಇನ್ನೊಂದು, ಲೈನ್‌ವರ್ಕ್ ಆ ಒಂದು ನೋಟಕ್ಕೆ ಮಾತ್ರ. ಕೆಳಮಟ್ಟದ ಪ್ಲಾನ್‌ಗೆ ಮತ್ತೆ ಮಾಡಬೇಕು.

ಫೂಟಿಂಗ್ ಕಥೆ ಇದರ ಉಲ್ಟಾ. ಅದು ಕಟ್ ಪ್ಲೇನ್‌ನ ಕೆಳಗಿದೆ, ನಿಜವಾಗಿಯೂ ಅಡಗಿದೆ. ಅದು ಪ್ಲಾನ್‌ನಲ್ಲಿ ಬರಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ವ್ಯೂ ರೇಂಜ್, ನೋಟ ಎಷ್ಟು ಮೇಲಿಂದ ಎಷ್ಟು ಕೆಳಗಿನವರೆಗೆ ಅನ್ನುವ ಮಿತಿ. ಅಲ್ಲಿ ವ್ಯೂ ಡೆಪ್ತ್ ಸಾಮಾನ್ಯವಾಗಿ ಲೆವೆಲ್‌ನಲ್ಲೇ ನಿಂತಿರುತ್ತದೆ. ಇಳಿಜಾರಿನ ಸೈಟಿನಲ್ಲಿ ತಡೆಗೋಡೆಯ ಬುಡ 10 ಅಡಿ ಕೆಳಗಿರಬಹುದು, ಅದು ಆ ನೋಟದ ಒಳಗೇ ಇರುವುದಿಲ್ಲ. ಡೆಪ್ತ್ ಅನ್ನು ಅಷ್ಟು ಕೆಳಗಿಳಿಸಬೇಕು. ಎರಡನೆಯದು ಮೇಲಿರುವ ಫ್ಲೋರ್. ನೋಟದ ಒಳಗೆ ಬಂದರೂ ಫ್ಲೋರ್ ಅದನ್ನು ಮುಚ್ಚುತ್ತದೆ. ಆಗ ಹಿಡನ್ ಲೈನ್ ಬೇಕು. ಒಂದು ಬಾಗಿಲು ಮಾತ್ರ ತೆರೆದು 'ಬರ್ತಾ ಇಲ್ಲ' ಅಂತ ಫೋನ್ ಮಾಡುವವರೇ ಜಾಸ್ತಿ. ಮನೆ ಎರಡು ಮಟ್ಟದಲ್ಲಿ ಇರುವುದರಿಂದ ಇಡೀ ಪ್ಲಾನ್‌ಗೆ ಡೆಪ್ತ್ ಇಳಿಸುವ ಬದಲು ಕೆಳಮಟ್ಟದ ಭಾಗಕ್ಕೆ ಮಾತ್ರ ಒಂದು ಪ್ಲಾನ್ ರೀಜನ್ (ತನ್ನದೇ ವ್ಯೂ ರೇಂಜ್ ಇರುವ ತುಣುಕು) ಹಾಕಿ. ಇಲ್ಲದಿದ್ದರೆ ಬೇಡವಾದದ್ದೂ ಮೇಲೆ ಬರುತ್ತದೆ.

ಈಗ ನಿಮ್ಮ ಬಲೆಯ ವಿಷಯಕ್ಕೆ ಬರೋಣ. 'ಶೋ ಹಿಡನ್ ಲೈನ್ಸ್' ಆಯ್ಕೆಗೆ ಮೂರು ಮಟ್ಟ ಇದೆ: ನನ್, ಬೈ ಡಿಸಿಪ್ಲಿನ್, ಆಲ್. 'ಆಲ್' ಮಾಡಿದ ತಕ್ಷಣ ಗೋಡೆಯ ಹಿಂದಿನ ಮಂಚ, ಕಪಾಟು, ಒಳಬಾಗಿಲು, ಮೆಟ್ಟಿಲು ಎಲ್ಲವೂ ತುಂಡು ಗೆರೆಯಲ್ಲಿ ಎದ್ದು ನಿಲ್ಲುತ್ತವೆ. ಗೆರೆ ಜಾಸ್ತಿ ಇದ್ದರೆ ಡ್ರಾಯಿಂಗ್ ಪೂರ್ಣ ಅನ್ನುವುದು ತಪ್ಪು ನಂಬಿಕೆ. ಎದುರು ನೋಟದಲ್ಲಿ ನಾನು ತೋರಿಸುವ ಮರೆಗೆರೆಗಳು ಎರಡೇ ಎರಡು. ನೆಲದ ಕೆಳಗಿನ ಫೂಟಿಂಗ್, ಮೆಟ್ಟಿಲಿನಂತೆ ಇಳಿದಿದ್ದರೆ ಅದರ ಹಂತಗಳು. ತಡೆಗೋಡೆಯ ಹಿಂದೆ ಅಡಗಿದ ಪ್ಲಿಂತ್ (ಮನೆಯ ಪೀಠದ) ಮಟ್ಟ. ಬೇರೆಲ್ಲ ಸೆಕ್ಷನ್‌ಗೆ ಸೇರಿದ್ದು. ಸೆಕ್ಷನ್‌ನಲ್ಲಿ ಹಿಡನ್ ಲೈನ್ ಬಹುತೇಕ ಬೇಡವೇ ಬೇಡ. ಒಳಗಿನದನ್ನು ಕೊಯ್ದು ತೋರಿಸುವುದಕ್ಕೇ ಅಲ್ವಾ ಸೆಕ್ಷನ್ ಇರುವುದು?

ಹಾಗಾದರೆ ಬೇಕಾದ ಎರಡನ್ನು ಮಾತ್ರ ತರುವುದು ಹೇಗೆ? ಆಯ್ಕೆಯನ್ನು 'ಬೈ ಡಿಸಿಪ್ಲಿನ್'ಗೆ ವಾಪಸ್ ತನ್ನಿ. ವ್ಯೂ ಟ್ಯಾಬ್‌ನ ಗ್ರಾಫಿಕ್ಸ್ ಪ್ಯಾನೆಲ್‌ನಲ್ಲಿ 'ಶೋ ಹಿಡನ್ ಲೈನ್ಸ್' ಅಂತ ಪುಟ್ಟ ಟೂಲ್ ಇದೆ. ಮೊದಲು ಮುಚ್ಚುತ್ತಿರುವ ವಸ್ತುವನ್ನು ಮುಟ್ಟಿ, ಆಮೇಲೆ ಮುಚ್ಚಿಹೋದದ್ದನ್ನು ಮುಟ್ಟಿ. ಫ್ಲೋರ್, ಆಮೇಲೆ ಫೂಟಿಂಗ್. ತಡೆಗೋಡೆ, ಆಮೇಲೆ ಪ್ಲಿಂತ್. ಈ ಸಾಲು ತಪ್ಪಿದರೆ ಏನೂ ಆಗುವುದಿಲ್ಲ, ಆಗ ಟೂಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪಕ್ಕದಲ್ಲೇ ಇರುವ 'ರಿಮೂವ್' ಟೂಲ್ ಅದನ್ನು ವಾಪಸ್ ತೆಗೆಯುತ್ತದೆ. ಇಪ್ಪತ್ತು ಫೂಟಿಂಗ್ ಇದ್ದರೆ ಒಂದೊಂದೇ ಮುಟ್ಟುವುದು ಬೇಸರ. ಆಗ ಇನ್ನೊಂದು ದಾರಿ. 'ಆಲ್' ಮಾಡಿ, ಆ ನೋಟದ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆದು, ಫರ್ನಿಚರ್, ಕಪಾಟು, ಬಾಗಿಲು ಇವುಗಳ ಕೆಳಗಿರುವ ಹಿಡನ್ ಲೈನ್ಸ್ ಉಪವಿಭಾಗದ ಟಿಕ್ ತೆಗೆಯಿರಿ. ಅದನ್ನು ವ್ಯೂ ಟೆಂಪ್ಲೇಟ್ ಆಗಿ ಉಳಿಸಿಟ್ಟುಕೊಂಡರೆ ಮುಂದಿನ ಕೆಲಸಕ್ಕೂ ಆಗುತ್ತದೆ. ಟೆಂಪ್ಲೇಟ್ ಕೈಗೆ ಬಂದ ಮೇಲೆ ನಾನು ಬಳಸುವುದು ಎರಡನೆಯದನ್ನೇ.

ಈಗ ಪ್ರಿಂಟ್. ನಿಮ್ಮ ಮೂರರಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದು. ಯಾಕೆ ಅಂತ ಹೇಳುತ್ತೇನೆ.

ಸುಮಾರು ವರ್ಷಗಳ ಹಿಂದೆ ಸೋಮವಾರಪೇಟೆ ಕಡೆ ಒಂದು ಮನೆಗೆ ನಾನು ಕೊಟ್ಟ ಶೀಟಿನಲ್ಲಿ ಇದೇ ಆಗಿತ್ತು. ತಡೆಗೋಡೆಯ ಫೂಟಿಂಗ್ ಗೋಡೆಗಿಂತ ಎರಡೂವರೆ ಅಡಿ ಮುಂದಕ್ಕೆ ಬಂದಿತ್ತು. ಅದು ಮಣ್ಣಿನ ಕೆಳಗೆ ಇರಬೇಕಾದದ್ದು. ಪ್ರಿಂಟ್‌ನಲ್ಲಿ ಅದರ ಅಂಚು ಗಟ್ಟಿ ಗೆರೆಯಾಗಿ ಬಂತು. ಮೇಸ್ತ್ರಿ ಅದನ್ನು ಗೋಡೆಯ ಮುಂದಿನ ಒಂದು ಕಟ್ಟೆ ಅಂತ ಓದಿದರು. ಗಟ್ಟಿ ಗೆರೆ ಅಂದರೆ ಕಾಣುವ ವಸ್ತು, ಅವರು ಓದಿದ್ದು ಸರಿಯೇ. ನಾನು ಸೈಟಿಗೆ ಹೋದ ದಿನ ಸೈಜ್ ಕಲ್ಲು ಮೂರು ವರಸೆ ಎದ್ದಿತ್ತು. ನೀರು ಹೋಗಲು ಬಿಟ್ಟ ವೀಪ್ ಹೋಲ್‌ಗಳ ಬಾಯಿಗೆ ಸರಿಯಾಗಿ ಅಡ್ಡ. ಬಿಚ್ಚಿಸಿದೆವು. ಕಲ್ಲು ವಾಪಸ್ ಸಿಕ್ಕಿತು, ಎರಡು ದಿನದ ಕೂಲಿ ಮತ್ತು ಸಿಮೆಂಟು ಸಿಗಲಿಲ್ಲ. ಆ ಮೇಸ್ತ್ರಿ ನನಗೆ ಕೇಳಿದ ಒಂದೇ ಪ್ರಶ್ನೆ: "ಸಾರ್, ಇದು ಡಾಟೆಡ್ ಇರ್ಬೇಕಿತ್ತಾ?" ಅವತ್ತಿನಿಂದ ಪ್ರಿಂಟ್ ಕೈಯಲ್ಲಿ ಹಿಡಿದು ನೋಡದೆ ಯಾವ ಶೀಟನ್ನೂ ಹೊರಗೆ ಕಳಿಸಿಲ್ಲ.

ಕಾರಣ ಏನು? ಆಟೋಕ್ಯಾಡ್‌ನಲ್ಲಿ ತುಂಡು ಗೆರೆಗೆ ನಿಜವಾದ ಅಳತೆ ಇದೆ. ಮೆಟ್ರಿಕ್ ಲೈನ್‌ಟೈಪ್ ಫೈಲಿನಲ್ಲಿ 'ಹಿಡನ್' ಗೆರೆಯ ತುಂಡು 6.35 ಮಿಲಿಮೀಟರ್, ನಡುವಿನ ಖಾಲಿ 3.175 ಮಿಲಿಮೀಟರ್. ಕಾಗದದ ಮೇಲೆ ಅಷ್ಟೇ ಬಂದರೆ ಚೆನ್ನಾಗಿ ಕಾಣುತ್ತದೆ. ಮನೆಯನ್ನು ನೀವು ಪೂರ್ತಿ ಅಳತೆಯಲ್ಲಿ ಮಾಡೆಲ್‌ನಲ್ಲಿ ಎಳೆದಿದ್ದೀರಿ, 1:100ರಲ್ಲಿ ಶೀಟಿಗೆ ಇಳಿಸಿದ್ದೀರಿ. ತುಂಡಿನ ಅಳತೆಯೂ ಜೊತೆಗೆ ನೂರು ಪಟ್ಟು ಕುಗ್ಗಿದರೆ ಒಂದೊಂದು ತುಂಡು 0.0635 ಮಿಲಿಮೀಟರ್ ಆಗುತ್ತದೆ. ಅದನ್ನು ಯಾವ ಪ್ಲಾಟರೂ ಬಿಡಿಸಿ ತೋರಿಸಲಾರದು. ಗಟ್ಟಿ ಗೆರೆಯೇ ಬರುತ್ತದೆ.

ಹೀಗೆ ಕುಗ್ಗಬೇಕೋ ಬೇಡವೋ ಅನ್ನುವುದನ್ನು ಹೇಳುವ ಸೆಟ್ಟಿಂಗ್ ಪಿಎಸ್‌ಎಲ್‌ಟಿಸ್ಕೇಲ್. ಅದು 1 ಇದ್ದರೆ ತುಂಡುಗಳು ಕಾಗದದ ಅಳತೆ ಹಿಡಿಯುತ್ತವೆ, ವ್ಯೂಪೋರ್ಟ್ (ಶೀಟಿನಲ್ಲಿ ಮಾಡೆಲ್ ತೋರಿಸುವ ಕಿಟಕಿ) 1:50 ಇರಲಿ 1:100 ಇರಲಿ ಒಂದೇ ಥರ ಕಾಣುತ್ತವೆ. 0 ಇದ್ದರೆ ಮಾಡೆಲ್‌ನ ಅಳತೆ ಹಿಡಿದು ಕುಗ್ಗುತ್ತವೆ. ಹಾಗಾದರೆ ಸ್ಕ್ರೀನ್‌ನಲ್ಲಿ ಸರಿ ಕಂಡದ್ದು ಹೇಗೆ? ಮಾಡೆಲ್ ಟ್ಯಾಬ್‌ಗೆ ಬೇರೆಯದೇ ಒಂದು ಸೆಟ್ಟಿಂಗ್ ಇದೆ, ಎಂಎಸ್‌ಎಲ್‌ಟಿಸ್ಕೇಲ್. ಅದು ಆನ್ ಇದ್ದು, ಆನೊಟೇಶನ್ ಸ್ಕೇಲ್ 1:100 ಇದ್ದರೆ ಅಲ್ಲಿ ಎಲ್ಲ ಚೆಂದ ಕಾಣುತ್ತದೆ. ನೀವು ನೋಡಿದ್ದು ಮಾಡೆಲ್, ಪ್ರಿಂಟ್ ಆದದ್ದು ಲೇಔಟ್, ಅಂದರೆ ಶೀಟು.

ನಿಮ್ಮ ಆಫೀಸಿನ ಕ್ರಮದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಮೂಲ ಅಲ್ಲೇ ಇದ್ದೀತು ಅಂತ ನನ್ನ ಊಹೆ. ರೆವಿಟ್‌ನಲ್ಲಿ ಗೆರೆಯ ಮಾದರಿಯ ಅಳತೆ ಕಾಗದದ್ದೇ, ಅಲ್ಲಿ ಈ ತಾಪತ್ರಯ ಇಲ್ಲ. ಡಿಡಬ್ಲ್ಯೂಜಿಗೆ ಎಕ್ಸ್‌ಪೋರ್ಟ್ ಮಾಡುವಾಗ ಸೆಟಪ್‌ನ ಲೈನ್ಸ್ ಟ್ಯಾಬ್‌ನಲ್ಲಿ ಲೈನ್‌ಟೈಪ್ ಸ್ಕೇಲ್ ಹೇಗಿರಲಿ ಅಂತ ಕೇಳುತ್ತದೆ. ಅಲ್ಲಿ 'ಮಾಡೆಲ್‌ಸ್ಪೇಸ್' ಆರಿಸಿದ್ದರೆ ಪಿಎಸ್‌ಎಲ್‌ಟಿಸ್ಕೇಲ್ 0 ಆಗುತ್ತದೆ, ಬದಲಿಗೆ ಇಡೀ ಫೈಲಿನ ತುಂಡುಗಳನ್ನು ಹಿಗ್ಗಿಸುವ ಎಲ್‌ಟಿಸ್ಕೇಲ್ 100 ಆಗಿ ಲೆಕ್ಕ ಸರಿದೂಗಿಸುತ್ತದೆ. ಆ ಫೈಲನ್ನೇ ತೆರೆದು ಪ್ರಿಂಟ್ ತೆಗೆದರೆ ಸರಿ ಬರುತ್ತದೆ. ನೀವು ಅದನ್ನು ಆಫೀಸಿನ ಶೀಟಿಗೆ ತಂದು ಕೂರಿಸುತ್ತೀರಿ. ಈ ಅಂಕಿಗಳು ವಸ್ತುಗಳ ಜೊತೆ ಬರುವುದಿಲ್ಲ, ಹಳೆಯ ಫೈಲಿನಲ್ಲೇ ಉಳಿಯುತ್ತವೆ. ಇಲ್ಲಿ ನಡೆಯುವುದು ನಿಮ್ಮ ಶೀಟಿನ ಅಂಕಿ. ಅಲ್ಲಿ ಎಲ್‌ಟಿಸ್ಕೇಲ್ 1, ಪಿಎಸ್‌ಎಲ್‌ಟಿಸ್ಕೇಲ್ 0 ಇದ್ದರೆ ಮುಗಿಯಿತು.

ಪರಿಹಾರ ಸರಳ. ಎಕ್ಸ್‌ಪೋರ್ಟ್ ಸೆಟಪ್‌ನಲ್ಲಿ 'ಪೇಪರ್‌ಸ್ಪೇಸ್' ಆರಿಸಿ. ಆಫೀಸಿನ ಟೆಂಪ್ಲೇಟಿನಲ್ಲಿ ಎಲ್‌ಟಿಸ್ಕೇಲ್ 1, ಪಿಎಸ್‌ಎಲ್‌ಟಿಸ್ಕೇಲ್ 1 ಮಾಡಿ ಉಳಿಸಿ. ಆಮೇಲೆ ಚಿತ್ರವನ್ನೆಲ್ಲ ಮತ್ತೆ ಲೆಕ್ಕ ಹಾಕಿಸುವ ರೀಜೆನ್‌ಆಲ್ ಕಮಾಂಡ್ ಕೊಡಿ. ಅದನ್ನು ಕೊಡುವ ತನಕ ವ್ಯೂಪೋರ್ಟ್‌ನಲ್ಲಿ ಹಳೆಯದೇ ಕಾಣುತ್ತಿರುತ್ತದೆ, 'ಏನೂ ಬದಲಾಗಲಿಲ್ಲ' ಅಂತ ಮತ್ತೆ 0 ಮಾಡಿಬಿಡುತ್ತಾರೆ. ಇದನ್ನು ಎಷ್ಟೋ ಜನ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇದಾದ ಮೇಲೂ ಸರಿ ಹೋಗದಿದ್ದರೆ ಮೂರು ಕಡೆ ನೋಡಿ. ಅಡಿ ಇಂಚಿನಲ್ಲಿ ಎಳೆಯುವ ಆಫೀಸುಗಳಲ್ಲಿ 'ಹಿಡನ್' ಅನ್ನುವ ಅದೇ ಹೆಸರಿನ ಗೆರೆಗೆ ಇಂಚಿನ ಅಳತೆ ಇರುತ್ತದೆ, ತುಂಡು 0.25, ಖಾಲಿ 0.125. ಅದು ಮಿಲಿಮೀಟರ್ ಶೀಟಿಗೆ ಸೇರಿಕೊಂಡರೆ 25.4 ಪಟ್ಟು ಚಿಕ್ಕದು. ಬ್ಲಾಕ್ ಇನ್ಸರ್ಟ್ ಮಾಡಿದಾಗ ಹೆಸರು ಒಂದೇ ಆಗಿದ್ದರೆ ನಿಮ್ಮ ಶೀಟಿನಲ್ಲಿ ಮೊದಲೇ ಇರುವ ವ್ಯಾಖ್ಯೆಯೇ ಗೆಲ್ಲುತ್ತದೆ. ಎರಡನೆಯದು, ಗೆರೆಯ ಮೇಲೆ ಗೆರೆ. ಎರಡು ತುಂಡು ಗೆರೆಗಳು ಒಂದರ ಮೇಲೊಂದು ಕೂತು, ಒಂದರ ಖಾಲಿ ಇನ್ನೊಂದರ ತುಂಡಿನಿಂದ ತುಂಬಿದರೆ ಗಟ್ಟಿ ಗೆರೆಯಂತೆಯೇ ಕಾಣುತ್ತದೆ. ಮೂರು ಆಯಾಮದ ಮಾಡೆಲ್‌ನಿಂದ ಚಪ್ಪಟೆ ಮಾಡಿ ತೆಗೆದ ಚಿತ್ರಗಳಲ್ಲಿ ಇದು ಮಾಮೂಲು. ಓವರ್‌ಕಿಲ್ ಕಮಾಂಡ್ ಕೊಟ್ಟರೆ ನಕಲು ಗೆರೆಗಳು ಹೋಗುತ್ತವೆ. ಮೂರನೆಯದು, ಚಿಕ್ಕ ಚಿಕ್ಕ ತುಣುಕುಗಳಿಂದ ಆದ ಪಾಲಿಲೈನ್. ಒಂದು ತುಂಡು-ಖಾಲಿಯ ಜೋಡಿಗೂ ಜಾಗ ಇಲ್ಲದಷ್ಟು ಗಿಡ್ಡ ಗೆರೆಯನ್ನು ಆಟೋಕ್ಯಾಡ್ ಗಟ್ಟಿಯಾಗಿಯೇ ಎಳೆಯುತ್ತದೆ. ಬಾಗಿದ ತಡೆಗೋಡೆಯ ಬುಡ, ಕಾಂಟೂರ್ ಗೆರೆ ಇಂಥವುಗಳ ಪ್ರಾಪರ್ಟೀಸ್‌ನಲ್ಲಿ 'ಲೈನ್‌ಟೈಪ್ ಜನರೇಶನ್' ಆನ್ ಮಾಡಿದರೆ (ಹೊಸದಾಗಿ ಎಳೆಯುವವಕ್ಕೆ ಪ್ಲೈನ್‌ಜೆನ್ 1) ತುಂಡುಗಳು ಮೂಲೆ ಲೆಕ್ಕಿಸದೆ ಹರಿದುಹೋಗುತ್ತವೆ. ನಾಲ್ಕು ಮೂಲೆಯ ಸೂರಿಗೆ ಮಾತ್ರ ಅದು ಆಫ್ ಇರಲಿ. ಆನ್ ಮಾಡಿದರೆ ಮೂಲೆಯಲ್ಲೇ ಖಾಲಿ ಬಂದು, ಎರಡು ಸೂರು ಎಲ್ಲಿ ಸೇರುತ್ತವೆ ಅನ್ನುವುದೇ ಕಾಣದೆ ಹೋಗಬಹುದು.

ಸೈಟಿಗೆ ಹೋಗುವುದು ಹೆಚ್ಚಾಗಿ ಎ3 ಪ್ರತಿ. ಎ1 ಶೀಟನ್ನು ಎ3ಗೆ ಇಳಿಸಿದರೆ ಎಲ್ಲವೂ ಅರ್ಧವಾಗುತ್ತದೆ, 6.35ರ ತುಂಡು 3.2 ಆಗುತ್ತದೆ, ಖಾಲಿ ಜಾಗ 1.6. ಅದು ಪರವಾಗಿಲ್ಲ. ಮೊದಲೇ ಚಿಕ್ಕದಾದ 'ಹಿಡನ್2' ಬಳಸಿದ್ದರೆ ಖಾಲಿ 0.8ಕ್ಕೆ ಬರುತ್ತದೆ. ಅದನ್ನು ಜೆರಾಕ್ಸ್ ಮಾಡಿ, ಮಳೆಯಲ್ಲಿ ಒದ್ದೆಯಾದ ಕೈಯಲ್ಲಿ ಹಿಡಿದರೆ ತುಂಡುಗಳು ಕೂಡಿಕೊಳ್ಳುತ್ತವೆ. ಕೊನೆಯ ಪ್ರತಿಯಲ್ಲಿ ಖಾಲಿ ಜಾಗ 1 ಮಿಲಿಮೀಟರ್‌ಗಿಂತ ಕಡಿಮೆ ಆಗದಂತೆ ನೋಡಿಕೊಳ್ಳುವುದು ನನ್ನ ಲೆಕ್ಕ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಕಳಿಸಬೇಡಿ, ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋದಲ್ಲಿ ಮೊದಲು ಸಾಯುವುದು ಸಣ್ಣ ತುಂಡು ಗೆರೆ.

ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ಗೆರೆ ಬಳಸುವ ಗೊಂದಲಕ್ಕೆ ಏನು ಮಾಡೋಣ? ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಎಸ್‌ಪಿ 46 ಡ್ರಾಯಿಂಗ್ ಕೈಪಿಡಿಯನ್ನು ಡಿಪ್ಲೊಮಾ ಮಾಡಿದವರೆಲ್ಲ ಒಮ್ಮೆಯಾದರೂ ತಿರುವಿರುತ್ತೀರಿ. ಆ ಪದ್ಧತಿಯ ಪ್ರಕಾರ ಮರೆಯಾದ ಅಂಚಿಗೆ ತುಂಡು ಗೆರೆ. ಕಟ್ ಪ್ಲೇನ್‌ನ ಮುಂದಿರುವ ಭಾಗಕ್ಕೆ ಒಂದು ಉದ್ದ ತುಂಡು, ಎರಡು ಗಿಡ್ಡ ತುಂಡುಗಳ ಸಣ್ಣ ಗೆರೆ, ಆಟೋಕ್ಯಾಡ್ ಅದನ್ನು 'ಫ್ಯಾಂಟಮ್' ಅನ್ನುತ್ತದೆ. ಪ್ಲಾನ್‌ಗೆ ಸೂರು ಕಟ್ ಪ್ಲೇನ್‌ನ ಮುಂದಿನದೇ ಆಗುತ್ತದೆ. ಆದರೆ ನಮ್ಮ ಸೈಟುಗಳಲ್ಲಿ ಆ ಗೆರೆಯನ್ನು ಸೂರು ಅಂತ ಓದುವವರು ಕಡಿಮೆ, ಗಡಿ ಗೆರೆ ಅಂದುಕೊಳ್ಳುವವರೇ ಹೆಚ್ಚು. ಹಾಗಾಗಿ ನಾನು ನೆಲದ ಕೆಳಗಿನದಕ್ಕೆ 'ಹಿಡನ್', ತಲೆಯ ಮೇಲಿನದಕ್ಕೆ ಅದರ ಎರಡು ಪಟ್ಟು ಉದ್ದದ 'ಡ್ಯಾಶ್ಡ್' ಬಳಸುತ್ತೇನೆ. ಎರಡಕ್ಕೂ 0.18 ಅಥವಾ 0.25ರ ಪೆನ್, ಒಂದು ಶೀಟಿನಲ್ಲಿ ಒಂದೇ. ಕಾಣುವ ಅಂಚುಗಳು 0.35, ಕೊಯ್ದ ಗೋಡೆ 0.5. ಶೀಟಿನ ಮೂಲೆಯಲ್ಲಿ ಎರಡೂ ಗೆರೆ ಹಾಕಿ 'ಮೇಲೆ ಇರುವುದು', 'ನೆಲದ ಕೆಳಗೆ ಇರುವುದು' ಅಂತ ಕನ್ನಡದಲ್ಲಿ ಬರೆಯುತ್ತೇನೆ. ಸೂರಿನ ಗೆರೆಯ ಮೇಲೆಯೇ 'ಸೂರಿನ ಅಂಚು' ಅಂತಲೂ ಬರೆಯುತ್ತೇನೆ. ನಿಮ್ಮ ಆಫೀಸು ಬೇರೆ ಗೆರೆ ಆರಿಸಿದರೂ ಅಡ್ಡಿಯಿಲ್ಲ, ಪ್ರತಿ ಶೀಟಿನಲ್ಲೂ ಅದೇ ಇರಬೇಕು.

ನಿಮ್ಮ ಸೀನಿಯರ್ ಮಾತು ಬಾಕಿ ಇದೆ. ಎಕ್ಸ್‌ಪ್ಲೋಡ್ ಮಾಡಿ ಕೈಯಲ್ಲಿ ಎಳೆಯುವುದನ್ನು ನಾನು ತಪ್ಪು ಅನ್ನುವುದಿಲ್ಲ. ಅವರು ಕಲಿತ ಕಾಲದಲ್ಲಿ ಒಂದೊಂದು ತುಂಡನ್ನೂ ರೋಟರಿಂಗ್ ಇಂಕ್ ಪೆನ್ನಿನಲ್ಲಿ ಎಳೆಯುತ್ತಿದ್ದರು. ಯಾವ ಗೆರೆ ಬೇಕು ಅನ್ನುವ ತೀರ್ಮಾನ ಕೈಯಲ್ಲೇ ಇತ್ತು, ಆ ಕಣ್ಣು ಅವರಿಂದ ಕಲಿಯಬೇಕಾದದ್ದೇ. ಹಳೆಯ ಮನೆಗೆ ಒಂದು ಬಚ್ಚಲು ಸೇರಿಸುವಂಥ ಚಿಕ್ಕ ಕೆಲಸಕ್ಕೆ ಕೈಗೆರೆಯೇ ಬೇಗ. ನಿಮ್ಮ ಈ ಮನೆಗೆ ಅದು ಬೇಡ. ಮಣ್ಣು ತೋಡಿದ ಮೇಲೆ ಫೂಟಿಂಗ್ ಮಟ್ಟ ಬದಲಾಗುವುದು ಇಳಿಜಾರಿನ ಸೈಟಿನಲ್ಲಿ ಇದ್ದದ್ದೇ. ಮಾಡೆಲ್ ಬದಲಾಗುತ್ತದೆ, ಎಕ್ಸ್‌ಪ್ಲೋಡ್ ಆದ ಗೆರೆ ಬದಲಾಗುವುದಿಲ್ಲ. ಪ್ಲಾನ್ ಒಂದು ಹೇಳುತ್ತದೆ, ಸೆಕ್ಷನ್ ಇನ್ನೊಂದು ಹೇಳುತ್ತದೆ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಎರಡು ಮಾತು. ಸ್ಕೆಚಪ್‌ನಲ್ಲಿ 'ಬ್ಯಾಕ್ ಎಡ್ಜಸ್' ಆನ್ ಮಾಡಿದರೆ ಹಿಂದಿನ ಗೆರೆಗಳು ತುಂಡಾಗಿ ಕಾಣುತ್ತವೆ, ಆದರೆ ಎಲ್ಲವೂ ಒಟ್ಟಿಗೆ. 'ಹಿಡನ್ ಜಿಯಾಮೆಟ್ರಿ' ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಫ್ರೀಕ್ಯಾಡ್ ಉಚಿತ, 2024ರ ನವೆಂಬರ್‌ನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಕಟ್ಟಡದ ಕೆಲಸಕ್ಕೆ ಬೇಕಾದ ಬಿಮ್ ಭಾಗವೂ ಒಳಗೇ ಸೇರಿದೆ. ಅಲ್ಲಿ ಡ್ರಾಯಿಂಗ್ ಶೀಟು ಮಾಡುವ ಟೆಕ್‌ಡ್ರಾ ಭಾಗದ ನೋಟದ ಪ್ರಾಪರ್ಟಿಯಲ್ಲಿ 'ಹಾರ್ಡ್ ಹಿಡನ್' ಅನ್ನುವುದನ್ನು ಟ್ರೂ ಮಾಡಬೇಕು. ದೊಡ್ಡ ಮಾಡೆಲ್ ನಿಧಾನವಾದರೆ 'ಕೋರ್ಸ್ ವ್ಯೂ' ಬೇಗ ತೋರಿಸುತ್ತದೆ, ಆದರೆ ಅದು ಅಂದಾಜು ಚಿತ್ರ. ಡೈಮೆನ್ಷನ್ ಹಾಕುವ ಶೀಟಿಗೆ ಅದನ್ನು ನಂಬಬೇಡಿ.

ಇನ್ನು ಸೈಟಿನಲ್ಲಿರುವ ಆ ಮೂರು ಪ್ರತಿಗಳು. ಇವತ್ತೇ ಮೇಸ್ತ್ರಿಗೆ ಫೋನ್ ಮಾಡಿ, ತಡೆಗೋಡೆಯ ಮುಂದಿನ ಗೆರೆ ಫೂಟಿಂಗ್, ಅದು ಮಣ್ಣಿನ ಕೆಳಗೆ, ಅಂತ ಬಾಯಲ್ಲೇ ಹೇಳಿ. ಸರಿಪಡಿಸಿದ ಶೀಟಿಗೆ ಹೊಸ ರಿವಿಜನ್ ನಂಬರ್ ಮತ್ತು ತಾರೀಕು ಹಾಕಿ ನೀವೇ ತೆಗೆದುಕೊಂಡು ಹೋಗಿ. ಹಳೆಯ ಮೂರನ್ನೂ ಎಣಿಸಿ ವಾಪಸ್ ತನ್ನಿ. ಒಂದು ಸಿಮೆಂಟ್ ಶೆಡ್ಡಿನ ಗೋಡೆಗೆ ಅಂಟಿಸಿರುತ್ತಾರೆ, ಇನ್ನೊಂದು ಬಾರ್ ಬೆಂಡರ್ ಹತ್ತಿರ ಇರುತ್ತದೆ, ಅವನ್ನು ಬಿಟ್ಟು ಬರಬೇಡಿ. ಹೋದಾಗ ಹೊರಗೋಡೆಯ ಮಾರ್ಕಿಂಗ್‌ನಿಂದ 4 ಅಡಿ ಅಳೆದು, ಎರಡು ಗೂಟ ಹೊಡೆದು, ಸೂರಿನ ಅಂಚಿಗೆ ಒಂದು ದಾರ ಕಟ್ಟಿಸಿ. ಚರಂಡಿ ತೋಡುವವರಿಗೆ ಆ ದಾರ ಸಾಕು.